ಎಲೆಗೆ ಮೂರು ನೀರು

ಪುಣೆಯಲ್ಲಿರುವ ನನ್ನ ನಾದಿನಿಯ ಮಗಳು ಮೊನ್ನೆ ಫೋನ್ ಮಾಡಿದ್ದಳು. ಟ್ಯಾರೋ ಎಂಬ ಎಲೆಗಳನ್ನು ತರಿಸಿಕೊಂಡು ಅಕ್ಕಪಕ್ಕದವರಿಗೆ ಭವಿಷ್ಯ ಹೇಳುತ್ತಾಳಂತೆ. "ಮಾಮಿ, ಒಬ್ಬರಿಗೆ ನೋಡಿದ ಮ್ಯಾಲೆ ಇನ್ನೊಬ್ಬರಿಗೆ ನೋಡೂದಕ್ಕಿಂತ ಮೊದಲು ಎಲಿ ಶುದ್ಧ ಮಾಡಬೇಕಂತ. ಪ್ರತಿ ಸಲಾ ಮಾಡಬೇಕೋ, ವಾರಕ್ಕೊಮ್ಮೆ ಸಾಕೋ? ಅಜ್ಜಿ ಹೆಂಗ ಮಾಡ್ತಿದ್ದಳು?" ಎಂದು ಕೇಳಿದಳು. ಒಣ ಅರಿವೆಯಿಂದ ಒರೆಸು, ಎಣಿಸು, ಎತ್ತಿಡು ಎಂದೆ. ಅಷ್ಟೇನಾ ಎಂದಳು. ಅಷ್ಟೇ ಎಂದು ಫೋನ್ ಇಟ್ಟೆ. ಅಷ್ಟೇ ಅಲ್ಲ ಎಂಬುದು ನನಗೆ ಗೊತ್ತು. ಅಜ್ಜಿ ಹೇಗೆ ಮಾಡುತ್ತಿದ್ದಳು, ನಾನು ಹೇಗೆ ಮಾಡಿದೆ ಎಂಬುದು ಫೋನಿನಲ್ಲಿ ಹೇಳುವ ಮಾತಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಸವನ ಬಾಗೇವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮಂಗಳವಾರ ಮತ್ತು ಶುಕ್ರವಾರ ನನ್ನ ಅತ್ತೆ, ಅಂದರೆ ಅವಳ ಅಜ್ಜಿ, ಎಲೆ ಹಾಕುತ್ತಿದ್ದರು. ಎಲೆ ಎಂದರೆ ಇಸ್ಪೀಟಿನ ಎಲೆಯಲ್ಲ, ದಶಾವತಾರದ ಗಂಜೀಫಾ. ಬಳೆಯಷ್ಟು ಅಗಲ, ದುಂಡಗೆ. ಅರಿವೆಯನ್ನು ಹುಣಸೆಬೀಜದ ಸರಿಯಿಂದ ಪದರ ಪದರವಾಗಿ ಅಂಟಿಸಿ, ಮೇಲೆ ಚಿತ್ರ ಬರೆದು, ಅರಗು ಬಳಿದದ್ದು. ಅತ್ತೆಯ ಅಜ್ಜಿ ಸಾವಂತವಾಡಿ ಕಡೆಯಿಂದ ಮದುವೆಯಾಗಿ ಬರುವಾಗ ತಂದ ಕಟ್ಟು. ಆಟಕ್ಕೆ ನೂರಿಪ್ಪತ್ತು ಎಲೆ ಬೇಕು, ಪ್ರಶ್ನೆಗೆ ಇಪ್ಪತ್ತು ಸಾಕು: ಹತ್ತು ಅವತಾರ, ಒಂದೊಂದಕ್ಕೆ ಒಬ್ಬ ರಾಜ, ಒಬ್ಬ ಪ್ರಧಾನ. ರಾಜ ಪೀಠದ ಮೇಲೆ ಕೂತಿರುತ್ತಾನೆ, ಪ್ರಧಾನ ಕುದುರೆಯ ಮೇಲೆ. ಹೊಲದ ಪ್ರಶ್ನೆಗೆ ವರಾಹ, ಜಡ್ಡಿಗೆ ಕೂರ್ಮ, ಮದುವೆಗೆ ಕೃಷ್ಣ. ಕೇಳುವವರು ಎಡಗೈಯಿಂದ ಕಟ್ಟನ್ನು ಎರಡು ಪಾಲು ಮಾಡಬೇಕು. ಆಮೇಲೆ ಮೇಲಿನಿಂದ ಒಂದೊಂದೇ ಎಲೆ ಮಗುಚುತ್ತ ಹೋಗುವುದು. ಮದುವೆಯ ಮಾತಾದರೆ ಕೃಷ್ಣನ ರಾಜ ಮೊದಲು ಬಂದರೆ ಹೌದು, ಕೃಷ್ಣನ ಪ್ರಧಾನ ಮೊದಲು ಬಂದರೆ ಇಲ್ಲ. ದೊಡ್ಡ ಪ್ರಶ್ನೆಗೆ ಮೂರು ಶುಕ್ರವಾರ. ಮೂರರಲ್ಲಿ ಎರಡು ಯಾವ ಕಡೆಗೋ ಅದೇ ಉತ್ತರ.

ಸಕ್ಕರೆ ಕಾಯಿಲೆ ಅತ್ತೆಯ ಎರಡೂ ಕಣ್ಣು ತಿಂದು ಎರಡು ವರ್ಷವಾಗಿತ್ತು. ಅಂದಿನಿಂದ ಎಲೆ ಕಲೆಸುವುದು, ಮಗುಚುವುದು, ಬಂದದ್ದರ ಹೆಸರು ಕೂಗುವುದು ನನ್ನ ಕೆಲಸ. ಅರ್ಥ ಹೇಳುವುದು ಅವರ ಕೆಲಸ. ಬಯ್ಯುವುದೂ ಅವರದೇ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಕಾಲ ಅವರದೇ ಆಗಿತ್ತು.

ಇನ್ನು ಮಡಿಯ ವಿಷಯ. ಎಲೆ ಯಾರ ಕೈ ಮುಟ್ಟಿತೋ ಅವರ ಸಂಕಟ ಅದಕ್ಕೆ ಹತ್ತಿಕೊಳ್ಳುತ್ತದೆ, ತೊಳೆಯದಿದ್ದರೆ ಮುಂದಿನವರ ಉತ್ತರ ಕೆಡುತ್ತದೆ ಎಂದು ಅತ್ತೆ ನಂಬಿದ್ದರು. ನಂಬಲಿ, ಬೇಡವೆನ್ನುವುದಿಲ್ಲ. ಆದರೆ ಸಂಕಟಕ್ಕೂ ಅವರು ಮೇಲುಕೀಳು ಮಾಡಿಟ್ಟಿದ್ದರು. ಮುತ್ತೈದೆ ಬಂದು ಕೇಳಿ ಹೋದರೆ ಧೂಪದ ಹೊಗೆಯ ಮೇಲೆ ಕಟ್ಟನ್ನು ಒಂದು ಸುತ್ತು ತಿರುಗಿಸಿದರೆ ಮುಗಿಯಿತು. ಜಡ್ಡಿನ ಪ್ರಶ್ನೆಗೆ ಒಣ ಅರಿವೆ. ಕೂಸು ಕಳೆದುಕೊಂಡವಳು ಮುಟ್ಟಿದರೆ ಅರಿಶಿನದ ನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯಿಂದ ಒಂದು ಸಲ. ಗಂಡ ಸತ್ತವಳು ಮುಟ್ಟಿದರೆ ಮೂರು ಸಲ, ಎರಡೂ ಮಗ್ಗುಲು, ಅದೂ ಅವಳು ಎದ್ದು ಹೋಗುವ ಮೊದಲು, ಅವಳ ಕಣ್ಣೆದುರಿಗೇ. "ಆಕಿಗೂ ಗೊತ್ತಾಗಲಿ" ಎನ್ನುತ್ತಿದ್ದರು. ಅತ್ತೆಯೂ ಗಂಡ ಸತ್ತವರೇ. ಆದರೆ ತಮ್ಮದು ಮಡಿ, ಉಳಿದವರದು ಮೈಲಿಗೆ.

ಆ ವರ್ಷ ಮಳೆಗಾಲದ ಆರಂಭದಲ್ಲಿ ಇಂಗಳೇಶ್ವರದಿಂದ ಒಬ್ಬ ಹೆಣ್ಣುಮಗಳು ತನ್ನ ಅಣ್ಣನ ಜೊತೆ ಬಂದಳು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಗಂಡ ಸತ್ತು ಮೂರು ವರ್ಷವಾಗಿತ್ತು. ಅಣ್ಣನ ಮನೆಯಲ್ಲಿದ್ದು, ದಿನಾ ಬಸ್ಸಿನಲ್ಲಿ ಗೊಳಸಂಗಿಗೆ ಹೋಗಿ ಅಂಗನವಾಡಿ ನಡೆಸುತ್ತಿದ್ದಳು. ಜೊತೆಗೆ ಐದು ವರ್ಷದ ಮಗಳು. ಆ ಹುಡುಗಿ ಬಂದವಳೇ ಮತ್ಸ್ಯಾವತಾರದ ಎಲೆ ನೋಡಿ "ಮೀನ!" ಎಂದು ಕೂಗಿ ಕೈ ಚಾಚಿದಳು. ತಾಯಿ ಮೆಲ್ಲಗೆ ಆ ಕೈ ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಪ್ರಶ್ನೆ ಇದು. ಅವರ ಪೈಕಿಯಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆ ಉಂಟು, ಅದಕ್ಕೆ ಉಡಕಿ ಎನ್ನುತ್ತಾರೆ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯ ಒಬ್ಬ ಸಾಲಿ ಮಾಸ್ತರ, ಹೆಂಡತಿ ತೀರಿಕೊಂಡವನು, ಇವಳನ್ನು ಉಡಕಿ ಮಾಡಿಕೊಳ್ಳುತ್ತೇನೆಂದು ಹೇಳಿ ಕಳಿಸಿದ್ದ. ಮಗಳನ್ನೂ ಕರೆದುಕೊಂಡು ಬಾ, ನಮ್ಮ ಸಾಲೆಗೇ ಹಾಕೋಣ ಎಂದಿದ್ದನಂತೆ. ಎರಡನೆಯ ಮದುವೆಗೆ ಬರುವ ಗಂಡಸರು ಹೆಣ್ಣನ್ನು ಕೇಳುತ್ತಾರೆ, ಕೂಸನ್ನು ಕೇಳುವುದಿಲ್ಲ. ಈತ ಕೇಳಿದ್ದ. ಅದಕ್ಕೇ ಇವಳ ಮುಖದಲ್ಲಿ ಆಸೆ ಕಾಣುತ್ತಿತ್ತು. ಅಣ್ಣನಿಗೆ ಮಾತ್ರ ಮನಸ್ಸಿರಲಿಲ್ಲ. ಮನೆಯ ಅಡುಗೆ, ದನದ ಕೆಲಸ, ತಿಂಗಳ ಗೌರವಧನ ಎಲ್ಲ ಅವಳ ಜೊತೆ ತಂಗಡಗಿಗೆ ಹೊರಟುಹೋಗುತ್ತಿತ್ತಲ್ಲ. ಬಾಯಿಬಿಟ್ಟು ಬೇಡ ಎನ್ನಲಾರದೆ ಎಲೆಯ ಮೊರೆ ಹೊಕ್ಕಿದ್ದ.

"ಬಾಯಾರ, ಎಲಿ ಏನ್ ಹೇಳ್ತೈತಿ ಅದ ನಂದೂ ಮಾತು. ಹೌದು ಅಂದ್ರ ನಾಳೆ ಕಳಿಸ್ತೇನಿ. ಇಲ್ಲ ಅಂದ್ರ ಆಕೀನೂ ಸುಮ್ಮ ಇರಬೇಕು" ಎಂದ.

"ಆಗಲಿ" ಎಂದರು ಅತ್ತೆ. "ಕಟ್ಟು ಕಡೀಲಿ ಆಕಿ."

ಅವಳು ಎಡಗೈಯಿಂದ ಕಟ್ಟನ್ನು ಎರಡು ಮಾಡಿದಳು. ನಾನು ಮಗುಚಿದೆ. ಐದನೆಯದೇ ಕೃಷ್ಣನ ರಾಜ. ಹಳದಿ ನೆಲದ ಎಲೆ, ಪಕ್ಕದಲ್ಲಿ ಹಸು. "ಕೃಷ್ಣ, ರಾಜ" ಎಂದು ಕೂಗಿದೆ. ಅಣ್ಣ ಗಡ್ಡ ಕೆರೆದುಕೊಂಡ. ಅವಳು ಮಗಳ ತಲೆಯ ಮೇಲೆ ಕೈಯಿಟ್ಟು ಕೂತಳು.

"ಒಂದು ಆತು. ಇನ್ನೆರಡು ಶುಕ್ರವಾರ ಅವ" ಎಂದ ಅತ್ತೆ ನನ್ನ ಕಡೆ ತಿರುಗಿ, "ಎಲಿಗೆ ಮೂರು ನೀರು" ಎಂದರು.

ನಾನು ಅರಿಶಿನದ ಬಟ್ಟಲು ತಂದಿಟ್ಟೆ. ಅವಳಿಗೆ ಅರ್ಥವಾಗಲಿಲ್ಲ. ನಾನು ಮೊದಲನೆಯ ಎಲೆ ಒರೆಸಿ ಬಿಳಿ ಪಂಚೆಯ ಮೇಲೆ ಇಟ್ಟಾಗ, "ಇದ್ಯಾಕ್ರಿ ಅಕ್ಕಾರ?" ಎಂದಳು.

ಉತ್ತರ ಅತ್ತೆ ಕೊಟ್ಟರು. "ಗಂಡನ್ನ ಕಳಕೊಂಡಾಕಿ ಮುಟ್ಟೀದಿ. ಎಲಿಗೆ ಸೂತಕ ಆಗ್ತದ."

"ನಮ್ಮಲ್ಲಿ ಸೂತಕ ಇಲ್ರಿ ಬಾಯಾರ. ಬಸವಣ್ಣನ ಊರಾಗ ಕುಂತು ನೀವು ಸೂತಕ ಅಂತೀರಲ್ಲ" ಎಂದು ನಕ್ಕಳು. ನಗುವಿನಲ್ಲಿ ಕೊಂಕಿರಲಿಲ್ಲ, ನಿಜವಾಗಿ ಆಶ್ಚರ್ಯವಾಗಿತ್ತು.

"ನಿಮ್ಮಲ್ಲಿ ಇಲ್ಲಂದ್ರ ಇರವಲ್ದು. ನಮ್ಮ ಎಲಿಗೆ ಅದ."

ಅವಳ ನಗು ಹೋಯಿತು. ಇಪ್ಪತ್ತು ಎಲೆ, ಎರಡು ಮಗ್ಗುಲು, ಮೂರು ಸಲ. ನಾನು ಒರೆಸಿ ಒರೆಸಿ ಪಂಚೆಯ ಮೇಲೆ ಸಾಲಾಗಿ ಹಾಸುತ್ತಿದ್ದರೆ ಅವಳು ಒಂದೊಂದನ್ನೂ ನೋಡುತ್ತಿದ್ದಳು. ಮಗಳು "ಅವ್ವಾ, ಎಲಿ ಹೊಲಸಾಗ್ಯಾವೇನ?" ಎಂದು ಕೇಳಿದಳು. ಅವಳು ಹೌದು ಎಂದಳು.

ಇಲ್ಲೇ ನಾನು ತಪ್ಪು ಮಾಡಿದ್ದು. ನೀರಿನಿಂದ ಒರೆಸಿದ ಎಲೆಯನ್ನು ನೆರಳಿನಲ್ಲಿ ಒಂದು ಹೊತ್ತಾದರೂ ಬಿಡಿಬಿಡಿಯಾಗಿ ಒಣಗಿಸಬೇಕು. ಅರಗು ಹಳೆಯದು, ಅಲ್ಲಲ್ಲಿ ಬಿರುಕು ಬಿಟ್ಟದ್ದು. ಬಿರುಕಿನಲ್ಲಿ ನೀರು ಇಳಿದರೆ ಒಳಗಿನ ಹುಣಸೆ ಸರಿ ಮತ್ತೆ ಅಂಟಾಗುತ್ತದೆ. ಕಣ್ಣಿದ್ದಾಗ ಅತ್ತೆಯೇ ನನಗೆ ಇದನ್ನು ಕಲಿಸಿದ್ದರು. ಆದರೆ ಅಂದು ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು, ಮೋಡ ಮುಸುಕಿ ಗಾಳಿಯೂ ತೇವವಾಗಿತ್ತು. ಅವರ ಪ್ರಶ್ನೆಗಳನ್ನೆಲ್ಲ ಅರೆಬರೆ ಒಣಗಿದ ಎಲೆಯಲ್ಲೇ ಗಡಿಬಿಡಿಯಿಂದ ಮುಗಿಸಿ, ಕಟ್ಟನ್ನು ಮರದ ಡಬ್ಬಿಯಲ್ಲಿ ಒತ್ತಿ ಇಟ್ಟು, ಮುಚ್ಚಳದ ಮೇಲೆ ಪದ್ಧತಿಯಂತೆ ಹಿತ್ತಾಳೆಯ ಗಣಪತಿಯನ್ನು ಕೂರಿಸಿದೆ. ಗಣಪತಿ ಎರಡು ಸೇರಿನ ತೂಕದವನು. ಮಂಗಳವಾರ ಅಮಾವಾಸ್ಯೆ ಬಂದು ಡಬ್ಬಿ ತೆರೆಯಲಿಲ್ಲ.

ಎರಡನೆಯ ಶುಕ್ರವಾರ ಅವಳು ಮಗಳನ್ನು ಕರೆತಂದಿರಲಿಲ್ಲ. ಕಟ್ಟು ಕಡಿದಳು. ನಾನು ಮಗುಚುತ್ತ ಹೋದೆ. ಹನ್ನೊಂದನೆಯದು ಕೃಷ್ಣನ ಪ್ರಧಾನ, ಬಿಳಿ ಕುದುರೆಯ ಮೇಲೆ. "ಕೃಷ್ಣ, ಪ್ರಧಾನ" ಎಂದೆ. ಅಣ್ಣ ಮೊದಲ ಸಲ ನಮ್ಮ ಮನೆಯ ಚಹಾ ಕುಡಿದ. ಮತ್ತೆ ಮೂರು ನೀರಿನ ಅಪ್ಪಣೆಯಾಯಿತು. ಅವಳು ಪಂಚೆಯ ಮೇಲೆ ಕಣ್ಣಿಟ್ಟು ಕೂತಳು.

ಒರೆಸುವಾಗ ನನ್ನ ಬೆರಳಿಗೆ ಒಂದು ಎಲೆ ದಪ್ಪ ಎನಿಸಿತು. ಮೇಲೆ ವರಾಹನ ಪ್ರಧಾನ, ಹಿಂದೆ ಎಲ್ಲ ಎಲೆಗಳಿಗೂ ಇರುವ ಅದೇ ಕೆಂಪು ಬೆನ್ನು. ಅಣ್ಣ ತಂಗಿ ಇಬ್ಬರೂ ಎದುರಿಗೇ ಇದ್ದರು. ಒರೆಸಿ ಇಟ್ಟುಬಿಟ್ಟೆ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಡಬ್ಬಿ ತೆಗೆದು ಎಣಿಸಿದೆ. ಹತ್ತೊಂಬತ್ತು. ಮತ್ತೆ ಎಣಿಸಿದೆ. ಹೆಸರು ಹಿಡಿದು ಜೋಡಿಸಿದಾಗ ಇಲ್ಲದವನು ಕೃಷ್ಣನ ರಾಜ ಎಂದು ತಿಳಿಯಿತು. ವರಾಹನ ಪ್ರಧಾನನನ್ನು ಬೆಳಕಿಗೆ ಹಿಡಿದು ಅಂಚನ್ನು ಉಗುರಿನಿಂದ ಕೆದಕಿದೆ. ಎರಡು ಪದರದ ನಡುವೆ ಒಂದು ಎಳೆ ಹಳದಿ ಕಂಡಿತು. ರಾಜನ ಮುಖ ವರಾಹನ ಬೆನ್ನಿಗೆ ಅಂಟಿಕೊಂಡಿತ್ತು.

ಅಲ್ಲಿಯೇ ಕೂತುಬಿಟ್ಟೆ. ಆ ದಿನದ ಇಲ್ಲ ಎಂಬ ಉತ್ತರಕ್ಕೆ ಬೆಲೆಯೇ ಇರಲಿಲ್ಲ. ಕಟ್ಟಿನಲ್ಲಿ ಹೌದು ಎನ್ನುವ ಎಲೆಯೇ ಕಾಣದಿದ್ದರೆ ಎಷ್ಟು ಸಲ ಮಗುಚಿದರೂ ಇಲ್ಲವೇ ಬರುತ್ತದೆ. ಎಲೆಯನ್ನು ಅವಳಿಂದ ಶುದ್ಧ ಮಾಡಲು ಹೋಗಿ ಅವಳ ರಾಜನನ್ನೇ ಅಂಟಿಸಿ ಕೂರಿಸಿದ್ದೆ.

ಬಿಡಿಸುವುದು ಹೇಗೆಂದು ನನಗೆ ಗೊತ್ತಿತ್ತು. ಕುದಿಯುವ ನೀರಿನ ಆವಿಗೆ ಅಂಚನ್ನು ಹಿಡಿದು, ಸರಿ ಮೆತ್ತಗಾದ ಮೇಲೆ ರೇಷ್ಮೆ ದಾರವನ್ನು ನಡುವೆ ಹಾಯಿಸಿ ಗರಗಸದಂತೆ ಎಳೆಯಬೇಕು. ಹೊಸದಾಗಿ ಅಂಟಿದ್ದಾದರೆ ಕಾಲು ತಾಸಿನ ಕೆಲಸ, ಚಿತ್ರ ಕೆಡುವುದಿಲ್ಲ. ದಾರವನ್ನು ಹುಡುಕಿ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡೆ ಕೂಡ. ನಾಳೆ ಮಾಡೋಣ ಎಂದುಕೊಂಡೆ.

ಭಾನುವಾರ ಇಂಡಿಗೆ, ತವರಿಗೆ ಹೋಗಬೇಕಾಯಿತು. ಅಣ್ಣನ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಆ ಮನೆಯಲ್ಲಿ ನನ್ನ ಅಕ್ಕ ಇದ್ದಾಳೆ. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ಬಂದವಳು, ಅಂದಿಗೆ ಹದಿನೇಳು ವರ್ಷವಾಗಿತ್ತು. ನಮ್ಮ ಪೈಕಿಯಲ್ಲಿ ಉಡಕಿ ಎಂಬ ಮಾತನ್ನು ಯಾರೂ ಎತ್ತುವುದಿಲ್ಲ. ಬಾಣಂತಿಗೆ ನೀರು ಹಾಕಿದವಳು ಅಕ್ಕ, ಕೂಸಿಗೆ ಎಣ್ಣೆ ತಿಕ್ಕಿದವಳು ಅಕ್ಕ, ದಿನಾ ಹೊಲಸು ಬಟ್ಟೆ ಒಗೆದವಳು ಅಕ್ಕ. ತೊಟ್ಟಿಲ ಸುತ್ತ ಹೆಂಗಸರು ನಿಂತು ಹಾಡುವಾಗ ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಕೂಸು ಅಳಲು ಶುರುಮಾಡಿ ಯಾರು ಎತ್ತಿದರೂ ಸುಮ್ಮನಾಗಲಿಲ್ಲ. ಅಕ್ಕನ ಕೈ ಅದಕ್ಕೆ ರೂಢಿ. ಅವಳನ್ನು ಯಾರೂ ಕರೆಯಲಿಲ್ಲ, ಅವಳೂ ಬರಲಿಲ್ಲ.

ಆಮೇಲೆ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತ ಅಕ್ಕ, "ಈಗ ಎಲಿ ಕೇಳಲಿಕ್ಕೆ ಯಾರ್ಯಾರು ಬರ್ತಾರ ತಂಗೀ?" ಎಂದಳು. ಇಂಗಳೇಶ್ವರದವಳ ಸುದ್ದಿ ಹೇಳಿದೆ. ಎಲೆ ಅಂಟಿದ್ದನ್ನು ಹೇಳಲಿಲ್ಲ.

"ಕೂಸನ್ನೂ ಕರಕೊಂಡ್ ಬಾ ಅಂದಾನಂತೇನು?" ಎಂದು ಕೈ ನಿಲ್ಲಿಸಿ ಕೇಳಿದಳು. "ಭಾಳ ಛಲೋ ಮನಶಾ ಇದ್ದಾನ ನೋಡು. ಹೌದು ಬರಲಿ ಆಕಿಗೆ. ನಾನೂ ದೇವರಿಗೆ ದೀಪಾ ಹಚ್ಚತೀನಿ."

ಇದನ್ನು ಬರೆಯದೆ ಇರಬಹುದಿತ್ತು. ಅಕ್ಕನಿಗಾಗಿ ಮನಸ್ಸು ಕಹಿಯಾಯಿತು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅಕ್ಕನ ಮನಸ್ಸಿನಲ್ಲಿ ಎಳ್ಳಷ್ಟೂ ಕಹಿ ಇರಲಿಲ್ಲ. ಇದ್ದದ್ದು ನನ್ನಲ್ಲಿ. ಬಾಗೇವಾಡಿಗೆ ವಾಪಸು ಬರುವ ಬಸ್ಸಿನಲ್ಲಿ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು: ನನ್ನ ಅಕ್ಕನಿಗೆ ಸಿಗದ್ದು ಇವಳಿಗೆ ಯಾಕೆ ಸಿಗಬೇಕು? ಇವಳಿಗೆ ಗಂಡ, ಇವಳಿಗೆ ಮನೆ, ಕೂಸಿಗೆ ಸಾಲೆ. ನನ್ನ ಅಕ್ಕನಿಗೆ ಇನ್ನೊಬ್ಬರ ಕೂಸಿನ ಬಟ್ಟೆ. ಹೊಟ್ಟೆಕಿಚ್ಚು ಎಂದರೆ ಅದೇ. ಅದಕ್ಕೆ ಬೇರೆ ಹೆಸರು ನಾನು ಹುಡುಕುವುದಿಲ್ಲ.

ಸೋಮವಾರ ದಾರ ಅಲ್ಲೇ ಇತ್ತು. ಮಂಗಳವಾರ ಕೇಳುವವರು ಬಂದರು, ಯಾವುದೂ ಮದುವೆಯ ಪ್ರಶ್ನೆಯಲ್ಲ. ಬುಧವಾರ ಡಬ್ಬಿ ತೆಗೆದು ನೋಡಿ ಮುಚ್ಚಿದೆ. ಗುರುವಾರ ದಾರವನ್ನು ಹೊಲಿಗೆಯ ಪೆಟ್ಟಿಗೆಗೆ ಹಾಕಿಬಿಟ್ಟೆ. ನಾನೇನೂ ಮಾಡಲಿಲ್ಲವಲ್ಲ, ಎಲೆ ತಾನಾಗಿ ಅಂಟಿತು, ದೇವರ ಮನಸ್ಸಿನಲ್ಲಿ ಇದ್ದರೆ ತಾನೇ ಬಿಡುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಪಾಪ ಮಾಡುವವರಿಗೆ ದೇವರ ನೆನಪು ಜಾಸ್ತಿ.

ಮೂರನೆಯ ಶುಕ್ರವಾರ ಅವಳು ಮಗಳನ್ನು ಕರೆದುಕೊಂಡೇ ಬಂದಿದ್ದಳು. ಹುಡುಗಿಗೆ ಹೊಸ ಲಂಗ ಹಾಕಿದ್ದಳು. ಮುದ್ದೇಬಿಹಾಳದ ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಿದಳು. ಹೌದು ಬಂದರೆ ಅಲ್ಲಿಂದಲೇ ತಂಗಡಗಿಗೆ ಹೋಗಿ ಮಾಸ್ತರನ ಹಿರಿಯರಿಗೆ ಹೇಳಿ ಬರುವ ಆಸೆ ಇದ್ದಿರಬೇಕು.

ಕಟ್ಟು ಕಡಿದಳು. ನಾನು ಮಗುಚಿದೆ. ರಾಮ, ಪ್ರಧಾನ. ಮತ್ಸ್ಯ, ರಾಜ. "ಮೀನ" ಎಂದಿತು ಹುಡುಗಿ. ಕಲ್ಕಿ, ರಾಜ. ನಾಲ್ಕನೆಯದಕ್ಕೆ ಕೈ ಹಾಕಿದಾಗಲೇ ಬೆರಳಿಗೆ ತಿಳಿಯಿತು. ದಪ್ಪ ಎಲೆ. ಮಗುಚಿದರೆ ಮೇಲೆ ವರಾಹನ ಪ್ರಧಾನ, ಅವನ ಬೆನ್ನಿನ ಅಡಿ ಕೃಷ್ಣನ ರಾಜ. ಕೃಷ್ಣನ ಪ್ರಧಾನ ಇನ್ನೂ ಬಂದಿರಲಿಲ್ಲ. ಅಂದರೆ ಉತ್ತರ ಹೌದು. ನನ್ನ ಅಂಗೈಯಲ್ಲೇ ಇತ್ತು.

"ವರಾಹ, ಪ್ರಧಾನ" ಎಂದು ಕೂಗಿ ಕೆಳಗಿಟ್ಟೆ.

ಮುಂದೆ ನಾಲ್ಕು ಎಲೆ ಮಗುಚಿದೆ. ಒಂಬತ್ತನೆಯದು ಕೃಷ್ಣನ ಪ್ರಧಾನ. ಅದನ್ನೂ ಕೂಗಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆಯನ್ನು ಜನ ನಗುತ್ತ ಆಡುತ್ತಾರೆ. ಆ ಪೂಜಾರಿ ನಾನಾಗಿದ್ದೆ.

"ಮುಗೀತಲ್ಲ" ಎಂದು ಅಣ್ಣ ಎದ್ದೇಬಿಟ್ಟ. "ಇನ್ನ ಈ ಮಾತು ಮನ್ಯಾಗ ಎತ್ತಬ್ಯಾಡ ಮತ್ತ."

"ಕೂಡಪಾ" ಎಂದರು ಅತ್ತೆ. "ಎಲಿ ತೊಳೀಬೇಕು."

ಅವನು ಹೊರಗೆ ಕಟ್ಟೆಗೆ ಹೋಗಿ ಕೂತ. ಅವಳು ಮಾತ್ರ ಇದ್ದಲ್ಲೇ ಇದ್ದಳು. ನಾನು ಒರೆಸಿ ಒರೆಸಿ ಪಂಚೆಯ ಮೇಲೆ ಹಾಸಿದೆ. ಐದೈದರ ಸಾಲು, ಕೊನೆಯ ಸಾಲಿನಲ್ಲಿ ನಾಲ್ಕು. ಅವಳು ಅತ್ತಿರಲಿಲ್ಲ. ಪಂಚೆಯನ್ನೇ ನೋಡುತ್ತಿದ್ದಳು, ತುಟಿ ಸಣ್ಣಗೆ ಅಲುಗುತ್ತಿತ್ತು. ಜಪ ಮಾಡುತ್ತಿದ್ದಾಳೆ ಎಂದುಕೊಂಡೆ.

"ಅಕ್ಕಾರ, ಎಲಿ ಒಟ್ಟು ಎಷ್ಟ್ರಿ?" ಎಂದಳು.

"ಇಪ್ಪತ್ತು" ಎಂದೆ. ತಲೆ ಎತ್ತಲಿಲ್ಲ.

"ಹೌದ್ರಿ?"

"ಹೌದು."

ಸ್ವಲ್ಪ ಹೊತ್ತು ಕಾದಳು. ನಾನು ಅರಿವೆ ಹಿಂಡುತ್ತಿದ್ದೆ. "ಹಂಗಾರ ಸರಿ ಬಿಡ್ರಿ" ಎಂದು ಮಗಳನ್ನು ಎತ್ತಿಕೊಂಡು ಹೋದಳು.

ಅಂದು ಮಧ್ಯಾಹ್ನವೇ ನೀರು ಕಾಯಿಸಿ ಎಲೆ ಬಿಡಿಸಲು ಕೂತೆ. ಎರಡು ವಾರದ ಅಂಟು, ಒಂಬತ್ತು ನೀರು ಕುಡಿದದ್ದು. ದಾರ ಅರ್ಧಕ್ಕೆ ಸಿಕ್ಕಿಕೊಂಡಿತು. ಜಗ್ಗಿದಾಗ ಬಿಟ್ಟಿತು, ಆದರೆ ರಾಜನ ಮುಖ, ಹಸು, ಕೊಳಲು ಎಲ್ಲ ಅರಗಿನ ಸಮೇತ ಎದ್ದು ವರಾಹನ ಬೆನ್ನಿಗೆ ಹೋಯಿತು. ಉಳಿದದ್ದು ಬರಿ ಅರಿವೆಯ ಬಿಲ್ಲೆ. ಅದನ್ನು ಅತ್ತೆಯ ಕೈಗೆ ಕೊಟ್ಟು ನಡೆದದ್ದನ್ನು ಹೇಳಿದೆ. ಬಯ್ಯಲಿ ಎಂದೇ ಹೇಳಿದೆ.

ಅವರು ಬಿಲ್ಲೆಯ ಮೇಲೆ ಬೆರಳಾಡಿಸಿದರು. "ಎರಡನೇ ಶುಕ್ರವಾರನ ಗೊತ್ತಾತು ನನಗ. ಒಂದು ಎಲಿ ಬಿದ್ದ ಸಪ್ಪಳ ಬ್ಯಾರೇನ ಇತ್ತು."

"ಮತ್ತ ಯಾಕ ಹೇಳಲಿಲ್ಲ ಅತ್ಯಾರ?"

"ನೀ ಹೇಳ್ತೀಯೇನೋ ಅಂತ ಕೂತಿದ್ದೆ. ಇವತ್ತೂ ಅದ ಸಪ್ಪಳ ಬಂತು. ನಿನ್ನ ಕೈ ಒಂದು ಗಳಿಗಿ ನಿಂತು ಮುಂದ ಹೋತು." ನಕ್ಕರು. "ಇಷ್ಟು ದಿನ ಕಲಸಲಿಕ್ಕೆ, ಮಗುಚಲಿಕ್ಕೆ ಅಷ್ಟೇ ಬರ್ತಿತ್ತು ನಿನಗ. ಈಗ ಎಲಿ ಹಾಕೂದು ಬಂತು."

ನನ್ನ ಜೀವಮಾನದಲ್ಲಿ ಅತ್ತೆ ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಮರುವಾರ ಇಂಗಳೇಶ್ವರಕ್ಕೆ ಹೋಗಿ ಹೇಳಿಬಿಡಬೇಕೆಂದು ಹೊರಟೆ. ತಂಗಡಗಿಯವನಿಗೆ ಇನ್ನೂ ಉತ್ತರ ಹೋಗಿರಲಿಕ್ಕಿಲ್ಲ, ಹೋಗಿದ್ದರೂ ತಿದ್ದಬಹುದು ಎಂಬ ಲೆಕ್ಕ. ಬಸ್ ಸ್ಟ್ಯಾಂಡಿನವರೆಗೆ ಹೋದೆ. ಬಸ್ಸು ಬಂತು, ಜನ ಹತ್ತಿದರು. ಹೇಳಿದರೆ ಊರೆಲ್ಲ ಆಡಿಕೊಳ್ಳುತ್ತದೆ, ಮಾಸ್ತರರಾದ ನನ್ನ ಯಜಮಾನರು ತಲೆ ಎತ್ತಿ ತಿರುಗುವ ಹಾಗಿಲ್ಲ, ಅತ್ತೆಯ ಪಡಸಾಲೆಗೆ ಯಾರೂ ಕಾಲಿಡುವುದಿಲ್ಲ. ಇಷ್ಟು ಯೋಚನೆ ಮಾಡುವಷ್ಟರಲ್ಲಿ ಬಸ್ಸು ಹೋಯಿತು. ಕೊತ್ತಂಬರಿ ಕೊಂಡುಕೊಂಡು ಮನೆಗೆ ಬಂದೆ. ತಂಗಡಗಿಯ ಮಾಸ್ತರ ಶ್ರಾವಣದಲ್ಲಿ ಬೇರೆ ಕಡೆ ಮದುವೆಯಾದನೆಂದು ಆಮೇಲೆ ಕೇಳಿದೆ.

ಅಂದಿನಿಂದ ಎಲೆ ಮುಟ್ಟುವುದನ್ನು ಬಿಟ್ಟೆ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಬಿಡಲಿಲ್ಲ. ಕೃಷ್ಣನ ಜಾಗಕ್ಕೆ ರಾಮನನ್ನು ಮದುವೆಯ ಪ್ರಶ್ನೆಗೆ ಹಚ್ಚಿದೆವು, ಅತ್ತೆಗೆ ಅದೇನು ದೊಡ್ಡದಲ್ಲ. ಮೂರು ನೀರೂ ನಡೆದೇ ಇತ್ತು. ನಾನು ಮಾಡಿದ ಬದಲಾವಣೆ ಇಷ್ಟೇ: ಒಣಗಿದ ಮೇಲೆ ಎಣಿಸಿ ಇಡುತ್ತಿದ್ದೆ.

ಎರಡು ವರ್ಷದ ಮೇಲೆ, ಒಂದು ದಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಅವಳು ಕಂಡಳು. ಕೈತುಂಬ ಹಸಿರು ಬಳೆ, ಕೊರಳಲ್ಲಿ ತಾಳಿ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹತ್ತಿರ ಹೋಗಿ ಮಾತಾಡಿಸಿದೆ. ಗುರುತು ಹಿಡಿದಳು.

"ಸಿಂದಗಿಗೆ ಕೊಟ್ರಿ ನನ್ನ. ಅಗೋ, ಅವರ" ಎಂದು ತೋರಿಸಿದಳು. ಪಾನಿನ ಅಂಗಡಿಯ ಮುಂದೆ ಅರವತ್ತರ ಹತ್ತಿರದ ಒಬ್ಬಾತ ಕೋಲೂರಿ ನಿಂತಿದ್ದ.

ಏನು ಹೇಳಬೇಕೋ ತಿಳಿಯದೆ, "ಈ ಸಲ ಎಲಿ ಕೇಳಲಿಕ್ಕೆ ಬರಲೇ ಇಲ್ಲ ನೀವು" ಎಂದೆ. ಇದಕ್ಕಿಂತ ಮೂರ್ಖ ಮಾತು ನನ್ನ ಬಾಯಿಂದ ಎಂದೂ ಬಂದಿಲ್ಲ.

"ಯಾಕ ಬರಬೇಕ್ರಿ? ಆವತ್ತ ಅಣ್ಣಗ ಇಲ್ಲ ಅನಸ್ಬೇಕಾಗಿತ್ತು, ಎಲಿ ಕಡೆ ಕರಕೊಂಡು ಬಂದ. ಈ ಸಲ ಹೌದು ಅನ್ನೂದಿತ್ತು, ತಾನ ಅಂದ. ಇವರ ಹೊಲ, ನಮ್ಮಣ್ಣನ ಮಗಗ ಇವರ ತಮ್ಮನ ಮಗಳು, ಎಲ್ಲಾ ಕೂಡೇ ಬಂತು."

"ಅವತ್ತು ಒಂದು ಎಲಿ..." ಎಂದು ಶುರುಮಾಡಿದೆ.

"ಹತ್ತೊಂಬತ್ತ ಇದ್ವು" ಎಂದಳು. "ಮೊದಲ ಸಲ ಇಪ್ಪತ್ತ ಹಾಸಿದ್ರಿ. ದಿನಾ ಕೂಸುಗಳ ತಲಿ ಎಣಸಾಕಿ ನಾನು, ತಪ್ಪೂದಿಲ್ಲ. ನೀವು ಇಪ್ಪತ್ತ ಅಂದ್ರಿ. ಅಣ್ಣನ ಮುಂದ ನನ್ನ ಎಣಿಕಿ ಯಾರು ಕೇಳ್ತಾರ್ರಿ? ನೀವರ ಹೇಳ್ತೀರೇನೋ ಅಂತ ಒಂದ ಗಳಿಗಿ ಕುಂತಿದ್ದೆ."

ಅವಳ ಕೈ ಹಿಡಿಯಲು ಹೋದೆ. ಕೈಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡಳು.

"ಮಗಳು?" ಎಂದೆ.

"ಅಣ್ಣನ ಮನ್ಯಾಗ ಅದಾಳ್ರಿ. ಇವರಿಗೆ ಕೂಸು ಬ್ಯಾಡಂತ. ವರ್ಷಕ್ಕೊಮ್ಮಿ ಪಂಚಮಿಗೆ ಕಳಸ್ತೇನಿ ಅಂದಾರ, ಅದಕ್ಕ ಹೋಗಿದ್ದೆ." ಸಿಂದಗಿಯ ಬಸ್ಸು ಬಂತು. ಮುದುಕ ಕೋಲಿನಿಂದ ಬಸ್ಸಿನ ಮೆಟ್ಟಿಲು ತಟ್ಟಿ ಅವಳನ್ನು ಕರೆದ. ಅವಳು ಹತ್ತಿದಳು, ಹಿಂದಿರುಗಿ ನೋಡಲಿಲ್ಲ.

ಅದೇ ಬಸ್ ಸ್ಟ್ಯಾಂಡಿನಲ್ಲಿ ಎರಡು ವರ್ಷದ ಹಿಂದೆ ತಪ್ಪಿಸಿಕೊಂಡ ಇಂಗಳೇಶ್ವರದ ಬಸ್ಸನ್ನು ಅಂದು ಹತ್ತಿದೆ. ಯಾಕೆ ಹತ್ತಿದೆನೋ ಇಂದಿಗೂ ಸರಿಯಾಗಿ ಹೇಳಲಾರೆ. ಏನೋ ಮಾಡಬೇಕೆನಿಸಿತು. ಹುಡುಗಿಗೆ ಒಂದು ಪೊಟ್ಟಣ ಪೇಡೆ ಕೊಂಡುಕೊಂಡೆ. ಮನೆ ಕೇಳಿಕೊಂಡು ಹೋದಾಗ ಅಣ್ಣ ಹೊಲಕ್ಕೆ ಹೋಗಿದ್ದ. ಅಂಗಳದಲ್ಲಿ ಏಳು ವರ್ಷದ ಹುಡುಗಿ ತನಗಿಂತ ದೊಡ್ಡ ಹಂಡೆಯೊಳಗೆ ಅರ್ಧ ಇಳಿದು ಬೂದಿಯಿಂದ ತಿಕ್ಕುತ್ತಿದ್ದಳು. ನನ್ನ ಗುರುತು ಅವಳಿಗೆ ಸಿಗಲಿಲ್ಲ.

"ನಿಮ್ಮವ್ವನ್ನ ಈಗ ಬಸ್ ಸ್ಟ್ಯಾಂಡಿನ್ಯಾಗ ನೋಡಿ ಬಂದೆ" ಎಂದೆ.

ಅವಳು ಹಂಡೆಯಿಂದ ಹೊರಗೆ ಜಿಗಿದಳು. ಬೂದಿಯ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಪೇಡೆಯ ಪೊಟ್ಟಣದ ಕಡೆ ನೋಡದೆ, ನನ್ನ ಹಿಂದೆ ಬಾಗಿಲಾಚೆ ಇಣುಕಿದಳು.

"ನನ್ನ ಕರಕೊಂಡ ಬಾ ಅಂತ ಅವ್ವ ಕಳಿಸ್ಯಾಳೇನ್ರಿ?"

"ಇಲ್ಲವಾ" ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು.

"ಮತ್ತ ಯಾಕ ಬಂದ್ರಿ?"